ಮೂವತ್ತೈದರ ಗೆರೆ

ಆ ಹೆಣ್ಣುಮಕ್ಕಳ ಶಾಲೆಯ ಗಣಿತದ ಮೇಡಂಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತೆಂಬುದು ಸಂಬಳದ ಪಟ್ಟಿ ಬರೆಯುವ ಗುಮಾಸ್ತನನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಅರ್ಧ ಮಾರ್ಕ್ ಮೇಡಂ. ಲೆಕ್ಕದ ಉತ್ತರ ತಪ್ಪಿದ್ದು ಮಾಡಿದ ರೀತಿ ಸರಿಯಿದ್ದರೆ ಅರ್ಧ ಮಾರ್ಕು ಕೊಡುತ್ತಿದ್ದರು. ಉತ್ತರ ಸರಿಯಿದ್ದು ರೀತಿ ಕಾಣಿಸದಿದ್ದರೆ ಅರ್ಧ ಮಾರ್ಕು ಕೀಳುತ್ತಿದ್ದರು. ಮೂವತ್ತನಾಲ್ಕೂವರೆ ಬಂದವಳನ್ನು ಮೂವತ್ತೈದು ಮಾಡಿ ಎಂದು ಯಾರಾದರೂ ಗೋಗರೆದರೆ, "ಆ ಅರ್ಧ ನನ್ನ ಕೈಲಿಲ್ಲಮ್ಮ, ನಿನ್ನ ಪೇಪರಲ್ಲಿದ್ರೆ ತೋರ್ಸು, ಈಗ್ಲೇ ಹಾಕ್ತೀನಿ," ಎನ್ನುತ್ತಿದ್ದರು. ಹುಡುಗಿಯರು ಹಿಂದಿನಿಂದ ಬೈದುಕೊಳ್ಳುತ್ತಿದ್ದರು. ಬೈದುಕೊಳ್ಳಲಿ ಬಿಡಿ, ಬೈಸಿಕೊಳ್ಳದ ಗಣಿತದ ಮೇಡಂ ಎಲ್ಲಾದರೂ ಇದ್ದಾರೆಯೇ?

ಪೇಪರ್ ತಿದ್ದುವುದರಲ್ಲಿ ಅವರದೇ ಒಂದು ಕ್ರಮ ಇತ್ತು. ಒಬ್ಬಳ ಪೇಪರನ್ನು ಮೊದಲಿಂದ ಕೊನೆಯವರೆಗೆ ಅವರು ತಿದ್ದುತ್ತಿರಲಿಲ್ಲ. ಹೆಸರು, ನಂಬರು ಇರುವ ಮೊದಲ ಪುಟವನ್ನು ಹಿಂದಕ್ಕೆ ಮಡಚಿ, ಅರವತ್ತೆರಡು ಪೇಪರಲ್ಲೂ ಒಂದನೇ ಪ್ರಶ್ನೆ ಮುಗಿಸಿ, ಆಮೇಲೆ ಅರವತ್ತೆರಡರಲ್ಲೂ ಎರಡನೇ ಪ್ರಶ್ನೆಗೆ ಬರುತ್ತಿದ್ದರು. ಹತ್ತು ಪೇಪರ್ ಆಗುವಷ್ಟರಲ್ಲಿ ತಿದ್ದುವವರ ಮನಸ್ಸು ಮೆತ್ತಗಾಗುತ್ತದೆ, ಇಪ್ಪತ್ತಾಗುವಷ್ಟರಲ್ಲಿ ಸಿಡುಕು ಹತ್ತುತ್ತದೆ, ಅದರ ಫಲವನ್ನು ಮಕ್ಕಳು ಯಾಕೆ ಉಣ್ಣಬೇಕು ಎಂಬುದು ಅವರ ವಾದ. ಇದರಿಂದ ಮೂರು ದಿನದ ಕೆಲಸಕ್ಕೆ ಆರು ದಿನ ಹಿಡಿಯುತ್ತಿತ್ತು. ಊಟದ ಮೇಜಿನ ತುಂಬ ಪೇಪರು ಹರಡಿಕೊಂಡು ಕೂತರೆ ಅವರ ಯಜಮಾನರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕು. ಯಜಮಾನರದು ಪುಸ್ತಕ ಬೈಂಡ್ ಮಾಡುವ ಕೆಲಸ. ಹಗಲೆಲ್ಲ ಕಾಗದ, ಮನೆಗೆ ಬಂದರೂ ಕಾಗದ. "ನನ್ನ ಹಣೇಲಿ ಬ್ರಹ್ಮ ಬರೆದದ್ದೂ ಪೇಪರ್ ಮೇಲೇನೇ ಇರ್ಬೇಕು," ಎಂದು ಗೊಣಗುತ್ತ ಅವರು ಕೈ ತೊಳೆಯಲು ಏಳುತ್ತಿದ್ದರು.

ಶಾಲೆಯಲ್ಲಿ ಒಂದು ಕಟ್ಟುಪಾಡಿತ್ತು. ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯೇ ಒಂದು ಪರೀಕ್ಷೆ ನಡೆಸುತ್ತಿತ್ತು. ಅದರಲ್ಲಿ ಮೂವತ್ತೈದು ಬಾರದವರನ್ನು ಪಬ್ಲಿಕ್ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಇನ್ನೊಂದು ವರ್ಷ ಕೂತು ಗಟ್ಟಿ ಮಾಡಿಕೊಂಡು ಬರಲಿ ಎಂಬುದು ಹೇಳಿಕೊಳ್ಳುವ ಕಾರಣ. ಪ್ರತಿ ವರ್ಷ ಗೇಟಿನ ಮೇಲೆ "ನೂರಕ್ಕೆ ನೂರು ಫಲಿತಾಂಶ" ಎಂಬ ಬಟ್ಟೆಯ ಬ್ಯಾನರು ಕಟ್ಟುವುದು ಹೇಳಿಕೊಳ್ಳದ ಕಾರಣ. ನಮ್ಮ ಮೇಡಂ ಇದಕ್ಕೆ ಎಂದೂ ಎದುರಾಡಿದವರಲ್ಲ. ಅರೆಬರೆ ಕಲಿತ ಹುಡುಗಿಯನ್ನು ಪರೀಕ್ಷೆಗೆ ದಬ್ಬಿ ಮುಖ ಕೆಡಿಸುವುದಕ್ಕಿಂತ ತಡೆಯುವುದೇ ಒಳ್ಳೆಯದು ಎಂದು ಅವರು ಇಪ್ಪತ್ತಾರು ವರ್ಷ ಪ್ರಾಮಾಣಿಕವಾಗಿ ನಂಬಿದ್ದರು. ಆ ವರ್ಷ ಶುಕ್ರವಾರ ಬೋರ್ಡಿಗೆ ಹಚ್ಚಿದ ಪಟ್ಟಿಯಲ್ಲಿ ಮೂವತ್ತೈದರ ಗೆರೆಯ ಕೆಳಗೆ ಹನ್ನೊಂದು ಹುಡುಗಿಯರಿದ್ದರು. ಪೇಪರುಗಳನ್ನು ಒಂದು ಪೀರಿಯಡ್ಡಿನ ಮಟ್ಟಿಗೆ ಮಕ್ಕಳ ಕೈಗೆ ಕೊಟ್ಟು, ಎಣಿಸಿ ವಾಪಸು ತೆಗೆದುಕೊಂಡು, ಬೀರುವಿಗೆ ಬೀಗ ಹಾಕಿದ್ದೂ ಆಗಿತ್ತು.

ಮರುದಿನ ಶನಿವಾರ ಹೆಡ್ ಮಾಸ್ಟರು ಹಾಲಿನಲ್ಲಿ ಒಂದು ಸಿನಿಮಾ ತೋರಿಸಿದರು. ಆದರ್ಶ ಶಿಕ್ಷಕನೊಬ್ಬನ ಕಥೆ. ಹತ್ತನೇ ತರಗತಿಯ ಮಕ್ಕಳು ನೆಲದ ಮೇಲೆ, ಮೇಷ್ಟ್ರುಗಳು ಹಿಂದೆ ಕುರ್ಚಿಯ ಮೇಲೆ. ಸಿನಿಮಾದ ಮೇಷ್ಟ್ರು ನೋಡಲು ಲಕ್ಷಣವಾಗಿದ್ದ. ಕೆಟ್ಟುಹೋದ ತರಗತಿಯೊಂದಕ್ಕೆ ಬಂದ, ಪಠ್ಯಪುಸ್ತಕವನ್ನು ಕಿಟಕಿಯಿಂದ ಆಚೆ ಎಸೆದ, ಮಕ್ಕಳನ್ನು ಗುಡ್ಡ ಹತ್ತಿಸಿದ, ಹಾಡಿದ. ಎರಡೂವರೆ ಗಂಟೆಯಲ್ಲಿ ಒಂದೇ ಒಂದು ಪೇಪರ್ ತಿದ್ದಲಿಲ್ಲ. ನಮ್ಮ ಮೇಡಂ ಅದನ್ನೇ ಕಾಯುತ್ತ ಕೂತಿದ್ದರು. ಕೊನೆಗೆ ಅವನು ಕೆಂಪು ಪೆನ್ನು ಹಿಡಿದದ್ದು ಒಂದೇ ಸಲ. ಬಡವರ ಮನೆಯ ಮಗುವೊಂದು ಇಪ್ಪತ್ತೆಂಟು ತೆಗೆದಿತ್ತು. ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಆ ಎರಡನ್ನು ಮೂರು ಮಾಡಿದ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ವಿಜ್ಞಾನದ ಚಿಕ್ಕ ಮೇಡಂ ಸೆರಗಿನಿಂದ ಮೂಗು ಒರೆಸಿಕೊಂಡರು. ಮಕ್ಕಳು ಕತ್ತು ಹೊರಳಿಸಿ ಗಣಿತದ ಮೇಡಂ ಕಡೆ ನೋಡಿದರು. ಮೇಡಂ ಕೈ ಮಡಿಲಲ್ಲೇ ಇತ್ತು.

ಸಿನಿಮಾ ಮುಗಿದ ಮೇಲೆ ಹೆಡ್ ಮಾಸ್ಟರು ಎಲ್ಲರೂ ಇದರ ನೀತಿಯ ಬಗ್ಗೆ ಎರಡು ಮಾತಾಡಬೇಕೆಂದರು. ಒಬ್ಬರು ತ್ಯಾಗ ಎಂದರು, ಇನ್ನೊಬ್ಬರು ಕರುಣೆ ಎಂದರು, ಚಿಕ್ಕ ಮೇಡಂ ಇನ್ನೊಮ್ಮೆ ಮೂಗು ಒರೆಸಿಕೊಂಡರು. ಗಣಿತದ ಮೇಡಂ ಎದ್ದು ನಿಂತು, "ಇಪ್ಪತ್ತೆಂಟು ಬಂದ ಮಗು ಪಕ್ಕ ಇಪ್ಪತ್ತೊಂಬತ್ತು ಬಂದ ಮಗು ಕೂತಿರುತ್ತಲ್ಲ, ಅದರ ಕಥೆ ಏನಾಯ್ತು ಅಂತ ಸಿನಿಮಾದವರು ತೋರಿಸ್ಲಿಲ್ಲ," ಎಂದು ಕೂತುಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಬ್ಬದ ಮನೆಯಲ್ಲಿ ಅಪಶಕುನ ನುಡಿದವರನ್ನು ನೋಡುವಂತೆ ನೋಡಿದರು.

ಅವರು ಮೆಟ್ಟಿಲಿಳಿಯುವಾಗ ಇಸ್ತ್ರಿ ಅಂಗಡಿಯವನ ಮಗಳು ಹಿಂದೆಯೇ ಬಂದಳು. ಗೆರೆಯ ಕೆಳಗಿನ ಹನ್ನೊಂದರಲ್ಲಿ ಇವಳೂ ಒಬ್ಬಳು, ಇಪ್ಪತ್ತೊಂಬತ್ತೂವರೆ. ಶಾಲೆ ಬಿಟ್ಟ ಮೇಲೆ ಅಪ್ಪನ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಈ ವರ್ಷ ಪಾಸಾಗದಿದ್ದರೆ ಓದು ಸಾಕು, ಅಂಗಡಿಯೇ ಸರಿ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

"ಮೇಡಂ, ನನ್ನ ಪೇಪರ್ ಇನ್ನೊಂದ್ಸಲ ನೋಡ್ತೀರಾ?"

"ಸಿನಿಮಾ ತಲೆಗೇರ್ತಾ?"

"ಇಲ್ಲ ಮೇಡಂ. ನಾನು ಎಕ್ಸ್‌ಟ್ರಾ ಶೀಟ್ ತಗೊಂಡಿದ್ದೆ. ನಿನ್ನೆ ಪೇಪರ್ ಕೊಟ್ಟಾಗ ಅದರಲ್ಲಿ ಶೀಟೇ ಇರ್ಲಿಲ್ಲ. ನಿನ್ನೆ ಕೇಳೋಕೆ ಹೆದರಿಕೆ ಆಯ್ತು."

"ಶೀಟ್ ಮೇಲೆ ನಂಬರ್ ಬರೆದಿದ್ಯಾ?"

ಹುಡುಗಿ ತಲೆ ತಗ್ಗಿಸಿದಳು. ಮೇಡಂಗೆ ಮೈಯೆಲ್ಲ ಉರಿಯಿತು. ಕೂಗಿ ಕೂಗಿ ಹೇಳಿದರೂ ನಂಬರು ಬರೆಯದ ಮಕ್ಕಳ ಮೇಲೆ ಅವರಿಗೆ ಬೇರೆಯೇ ಒಂದು ಕೋಪವಿತ್ತು. "ನೋಡ್ತೀನಿ ಹೋಗು," ಎಂದರು. ನೋಡುವ ಮನಸ್ಸಿರಲಿಲ್ಲ. ಆದರೆ ನೋಡುತ್ತೇನೆ ಎಂದು ಹೇಳಿ ನೋಡದೆ ಇರುವ ಅಭ್ಯಾಸವೂ ಅವರಿಗಿರಲಿಲ್ಲ. ವಾಪಸು ಮೇಲೆ ಹತ್ತಿ, ಬೀರು ತೆಗೆದು, ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮೇಲೆ ಕಟ್ಟು ಬಿಚ್ಚಿದರು. ಇಸ್ತ್ರಿಯವನ ಮಗಳ ಪೇಪರಿನಲ್ಲಿ ಹೆಚ್ಚಿನ ಹಾಳೆ ಇರಲಿಲ್ಲ. ಹದಿನಾಲ್ಕು, ಹದಿನೈದನೇ ಪ್ರಶ್ನೆಗಳ ಎದುರು ಸೊನ್ನೆ. ಅದರ ಮುಂದಿನ ನಂಬರಿನ ಪೇಪರು ನರ್ಸಮ್ಮನ ಮಗಳದು. ಇವಳು ಕನ್ನಡಕದ ಹುಡುಗಿ, ಹಾಜರಿ ಕೂಗಿದರೆ ಎರಡು ಸಲ ಕೇಳಿಸಿಕೊಳ್ಳಬೇಕು, ಅಷ್ಟು ಮೆಲುದನಿ. ಅವಳಿಗೆ ನಲವತ್ತೊಂದು ಬಂದಿತ್ತು. ಅವಳ ಪೇಪರಿನ ಕೊನೆಗೆ ಒಂದು ಹಾಳೆ ಕಟ್ಟಿತ್ತು, ಅದರ ಮೇಲೆ ಹದಿನಾಲ್ಕು ಮತ್ತು ಹದಿನೈದು. ಮೊದಲಿನ ಪುಟಗಳ ಅಕ್ಷರ ದುಂಡಗೆ, ಸಣ್ಣಗೆ. ಆ ಹಾಳೆಯ ಅಕ್ಷರ ಉದ್ದಕ್ಕೆ, ಬಲಕ್ಕೆ ವಾಲಿಕೊಂಡು. ಕಣ್ಣಿದ್ದವರಿಗೆ ಒಂದೇ ನೋಟಕ್ಕೆ ಗೊತ್ತಾಗಬೇಕು.

ಮೇಡಂಗೆ ಗೊತ್ತಾಗಿರಲಿಲ್ಲ. ಯಾಕೆಂದರೆ ಅವರು ಒಬ್ಬಳ ಪೇಪರನ್ನು ಪೂರ್ತಿಯಾಗಿ ನೋಡಿದವರೇ ಅಲ್ಲ. ಹದಿನಾಲ್ಕನೇ ಪ್ರಶ್ನೆಯ ದಿನ ಎಲ್ಲರ ಹದಿನಾಲ್ಕು ಮಾತ್ರ ನೋಡಿದ್ದರು, ಮೊದಲಿನ ಪುಟ ಯಾರ ಕೈಬರಹದ್ದು ಎಂದು ತಿರುವಿಯೂ ಇರಲಿಲ್ಲ. ಯಾರಿಗೂ ಅನ್ಯಾಯವಾಗಬಾರದೆಂದು ಹಿಡಿದ ಕ್ರಮವೇ ಅವರ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಆಗ ನೆನಪಾಯಿತು. ಪರೀಕ್ಷೆಯ ದಿನ ಸಂಜೆ ಬಸ್ಸಿನಿಂದ ಇಳಿಯುವಾಗ ಕಟ್ಟು ಜಾರಿ ಮೆಟ್ಟಿಲ ಮೇಲೆ ಬಿದ್ದಿತ್ತು. ಒಂದೆರಡು ಪೇಪರಿನ ದಾರ ಬಿಚ್ಚಿಹೋಗಿತ್ತು. ನಂಬರಿಲ್ಲದ ಒಂಟಿ ಹಾಳೆಯನ್ನು ಎತ್ತಿ, ಪಕ್ಕದಲ್ಲಿ ಬಿದ್ದಿದ್ದ ಪೇಪರಿಗೇ ಸೇರಿದ್ದೆಂದುಕೊಂಡು, ಬಸ್ ಸ್ಟಾಪಿನಲ್ಲಿ ನಿಂತು ಗಂಟು ಹಾಕಿದವರು ಬೇರೆ ಯಾರೂ ಅಲ್ಲ.

"ರೀ," ಎಂದು ಕರೆದರು. ಯಜಮಾನರು ಬಂದು ಕನ್ನಡಕ ಏರಿಸಿ, ಹಾಳೆಯ ಅಂಚನ್ನು ಬೆರಳಿಂದ ಸವರಿ ನೋಡಿದರು. "ಎರಡು ಜೊತೆ ತೂತಿದೆ ನೋಡು. ಒಂದ್ಸಲ ಬೇರೆ ಕಡೆ ಕಟ್ಟಿದ್ದನ್ನ ಬಿಚ್ಚಿ ಇಲ್ಲಿ ಕಟ್ಟಿದಾರೆ. ಯಾರೋ ಅವಸರದ ಕೈ."

"ನನ್ನದೇ ಕೈ."

ಅವರು ತಮಾಷೆಗೆ ತೆರೆದ ಬಾಯಿ ಮುಚ್ಚಿಕೊಂಡು ಎದುರಿಗೆ ಕೂತರು. ಮೇಡಂ ಕಾಗದದ ಮೇಲೆ ಲೆಕ್ಕ ಹಾಕಿದರು. ಹಾಳೆಯ ಒಂಬತ್ತೂವರೆ ಸೇರಿದರೆ ಇಸ್ತ್ರಿಯವನ ಮಗಳಿಗೆ ಮೂವತ್ತೊಂಬತ್ತು. ಅದನ್ನು ಕಳೆದರೆ ನರ್ಸಮ್ಮನ ಮಗಳಿಗೆ ಮೂವತ್ತೊಂದೂವರೆ. ಒಬ್ಬಳನ್ನು ಗೆರೆಯ ಮೇಲಕ್ಕೆ ಎತ್ತಿದರೆ ಇನ್ನೊಬ್ಬಳು ಕೆಳಗೆ ಬೀಳುತ್ತಾಳೆ. ಅಳು ಬಂತು, ಆದರೆ ಅಳುವುದರಿಂದ ಯಾರ ಮಾರ್ಕೂ ಬದಲಾಗುವುದಿಲ್ಲವೆಂದು ಸೆರಗು ಕೊಡವಿ ಎದ್ದರು.

ಸೋಮವಾರ ಬೆಳಿಗ್ಗೆ ಮೊದಲ ಗಂಟೆ ಹೊಡೆಯುವ ಮುಂಚೆ ನರ್ಸಮ್ಮನ ಮಗಳನ್ನು ಖಾಲಿ ತರಗತಿಗೆ ಕರೆದು, ಹಾಳೆಯನ್ನು ಅವಳ ಮುಂದಿಟ್ಟರು.

"ಇದು ನಿನ್ನದಾ?"

"ಅಲ್ಲ ಮೇಡಂ."

"ಶುಕ್ರವಾರ ನೋಡಿದ್ಯಾ?"

"ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪರೀಕ್ಷೆ ಹೋಗ್ತಿತ್ತಲ್ಲ ಮೇಡಂ," ಎಂದಳು ಹುಡುಗಿ. ಕನ್ನಡಕದ ಹಿಂದಿನ ಕಣ್ಣು ನೆಲ ನೋಡುತ್ತಿತ್ತು. ಇಷ್ಟು ನೇರವಾದ ಉತ್ತರವನ್ನು ಮೇಡಂ ನಿರೀಕ್ಷಿಸಿರಲಿಲ್ಲ. ಬೈಯಲೆಂದು ಕೂಡಿಟ್ಟುಕೊಂಡಿದ್ದ ಮಾತುಗಳು ಅಲ್ಲೇ ಉಳಿದವು.

"ಗಂಟು ಹಾಕಿದ್ದು ನಾನು. ತಪ್ಪು ನಂದು," ಎಂದರು. "ನೀನು ಬಾಯಿ ಮುಚ್ಕೊಂಡಿದ್ದೂ ತಪ್ಪೇ. ಆದ್ರೆ ಅದು ನನ್ನ ತಪ್ಪಿನಷ್ಟು ದೊಡ್ಡದಲ್ಲ. ಈಗ ನಾನು ಹೆಡ್ ಮಾಸ್ಟರ್ ಹತ್ರ ಹೋಗ್ತೀನಿ. ನಿನ್ನ ಹೆಸರು ಗೆರೆ ಕೆಳಗೆ ಬರುತ್ತೆ. ನನ್ನ ಬಾಯಿಂದಲೇ ಕೇಳು ಅಂತ ಕರೆದೆ."

ಹೆಡ್ ಮಾಸ್ಟರು ಕೆಟ್ಟವರಲ್ಲ. ಆ ವರ್ಷದ ಕೊನೆಗೆ ನಿವೃತ್ತರಾಗುವವರು, ಎಲ್ಲವೂ ಸಲೀಸಾಗಿ ಮುಗಿದರೆ ಸಾಕೆಂದಿದ್ದವರು. ಅವರ ಕುರ್ಚಿಗೆ ಹಿರಿತನದಲ್ಲಿ ಮುಂದೆ ಬರಬೇಕಾದವರು ನಮ್ಮ ಮೇಡಂ. ಎರಡು ಪೇಪರನ್ನೂ ನೋಡಿ ಅವರು ನಕ್ಕುಬಿಟ್ಟರು.

"ಇಷ್ಟೇನಾ? ಇಸ್ತ್ರಿಯವನ ಮಗಳದು ಕೂಡೋದ್ರಲ್ಲಿ ತಪ್ಪಾಗಿತ್ತು ಅಂತ ಬರೆದು ಸೇರ್ಸೋಣ. ಇನ್ನೊಬ್ಬಳನ್ನ ಹಾಗೇ ಬಿಟ್ಟುಬಿಡಿ. ಇಬ್ರೂ ಹೋಗ್ಲಿ. ಯಾರಿಗೇನು ನಷ್ಟ? ಮೊನ್ನೆ ಸಿನಿಮಾ ನೋಡಿದ್ರಲ್ಲ ಮೇಡಂ, ಸ್ವಲ್ಪ ಮನಸ್ಸು ದೊಡ್ಡದು ಮಾಡ್ಕೊಳ್ಳಿ."

ಮೇಡಂಗೆ ಆ ಕ್ಷಣ ಸಿನಿಮಾದ ಮೇಷ್ಟ್ರ ಹಾಗೆ ಒಂದು ಭಾಷಣ ಬಿಗಿಯಬೇಕೆನಿಸಿತು. ಬಾಯಿ ತೆರೆದರು. ಬಂದದ್ದು ಭಾಷಣವಲ್ಲ, ಲೆಕ್ಕ. "ಸರ್, ಇವಳಿಗೆ ಮೂವತ್ತೊಂದೂವರೆ. ಕೆಳಗಿನ ಪಟ್ಟೀಲಿ ಮೂವತ್ತಮೂರು ಬಂದವಳು ಇದಾಳೆ, ಮೂವತ್ತನಾಲ್ಕು ಬಂದವಳು ಇದಾಳೆ. ಅವರು ಹೊರಗೆ, ಇವಳು ಒಳಗೆ. ನಾಳೆ ಆ ಮಕ್ಕಳ ಮುಖ ನಾನು ಹೇಗೆ ನೋಡ್ಲಿ?"

"ಹಾಗಾದ್ರೆ ಇವಳನ್ನ ಹೊರಗೆ ಹಾಕಿ."

"ನನ್ನ ತಪ್ಪಿಗೆ ಅವಳೊಬ್ಬಳೇ ದಂಡ ಕಟ್ಬೇಕಾ? ಒಂದು ಹಾಳೆ ಅದಲು ಬದಲಾದ ಮೇಲೆ ನಾನು ತಿದ್ದಿದ ಯಾವ ಪೇಪರನ್ನ ನಂಬ್ತೀರಿ?" ಎಂದು ಮೇಡಂ ಚೀಲದಿಂದ ಶಾಲೆಯ ನಿಯಮಗಳ ಪುಸ್ತಕ ತೆಗೆದರು. ಅದನ್ನು ಓದಿದವರು ಶಾಲೆಯಲ್ಲಿ ಇವರೊಬ್ಬರೇ ಇರಬೇಕು. ಪೇಪರ್ ತಿದ್ದುವುದರಲ್ಲಿ ಲೋಪ ಕಂಡುಬಂದು, ತಿದ್ದಿದವರು ಅದನ್ನು ಬರಹದಲ್ಲಿ ಒಪ್ಪಿಕೊಂಡರೆ, ಗೆರೆಯ ಕೆಳಗಿನವರಿಗೆಲ್ಲ ಮರುಪರೀಕ್ಷೆ ನಡೆಸಬಹುದು ಎಂದು ಅದರಲ್ಲಿತ್ತು. ಹೆಡ್ ಮಾಸ್ಟರು ಅದರ ಮುಂದಿನ ಸಾಲನ್ನು ಗಟ್ಟಿಯಾಗಿ ಓದಿದರು. ಲೋಪವೆಸಗಿದ ಶಿಕ್ಷಕರ ಸೇವಾ ಪುಸ್ತಕದಲ್ಲಿ ಅದನ್ನು ನಮೂದಿಸತಕ್ಕದ್ದು.

"ಸೇವಾ ಪುಸ್ತಕದಲ್ಲಿ ಇದೊಂದು ಬಿದ್ರೆ ಈ ಕುರ್ಚಿ ನಿಮಗೆ ಬರಲ್ಲ. ಗೊತ್ತಿದೆ ತಾನೇ?"

"ಓದ್ಕೊಂಡೇ ಬಂದಿದೀನಿ ಸರ್," ಎಂದು ಮೇಡಂ ಬರೆದು ತಂದಿದ್ದ ಕಾಗದ ಮುಂದಿಟ್ಟರು. ಒಂದೂವರೆ ಪುಟ, ಹೊಡೆದುಹಾಕಿದ ಸಾಲು ಒಂದೂ ಇಲ್ಲ. ಇಪ್ಪತ್ತಾರು ವರ್ಷದ ಮೇಲೆ ಒಂದು ಕುರ್ಚಿ ಬೇಕೆನ್ನಿಸುವುದು ತಪ್ಪೇನೂ ಅಲ್ಲ, ಅವರಿಗೂ ಬೇಕಿತ್ತು. ಸಂಜೆ ವಿಷಯ ತಿಳಿದ ಯಜಮಾನರು, "ಹೆಡ್ ಮೇಡಂ ಗಂಡ ಅನ್ನಿಸ್ಕೊಳ್ಳೋ ಯೋಗ ನನಗಿಲ್ಲ ಬಿಡು," ಎಂದು ನಿಟ್ಟುಸಿರು ಬಿಟ್ಟು, ಚಹಾ ಮಾಡಿ ತಂದು ಕೊಟ್ಟರು. ಆ ಮನೆಯಲ್ಲಿ ಅವರು ಚಹಾ ಮಾಡುವುದು ದೊಡ್ಡ ದೊಡ್ಡ ಸಂದರ್ಭಗಳಲ್ಲಿ ಮಾತ್ರ.

ಮರುಪರೀಕ್ಷೆಗೆ ಇಪ್ಪತ್ತೊಂದು ದಿನ ಸಿಕ್ಕಿತು. ಪಟ್ಟಿಯಲ್ಲಿ ಈಗಲೂ ಹನ್ನೊಂದೇ ಹೆಸರು, ಇಸ್ತ್ರಿಯವನ ಮಗಳು ಹೋಗಿ ನರ್ಸಮ್ಮನ ಮಗಳು ಬಂದಿದ್ದಳು. ದಿನಾ ಬೆಳಿಗ್ಗೆ ಏಳಕ್ಕೆ ಮೇಡಂ ಶಾಲೆಯಲ್ಲಿ. ಕಸ ಗುಡಿಸುವವಳಿಗೂ ಮುಂಚೆ ಬಂದು ಬೋರ್ಡ್ ಒರೆಸಿ ನಿಂತಿರುತ್ತಿದ್ದರು. ಮೊದಲ ದಿನ ಐದೇ ಮಂದಿ ಬಂದರು. ಬಾರದವರ ಮನೆಗಳಿಗೆ ಸಂಜೆ ತಾವೇ ಹೋದರು. ಒಬ್ಬಳ ಅಮ್ಮ, "ಬೆಳಿಗ್ಗೆ ನೀರು ಹಿಡಿಯೋರು ಯಾರು?" ಎಂದಳು. "ಇಪ್ಪತ್ತೊಂದು ದಿನ ನೀವು ಹಿಡೀರಿ, ಇಪ್ಪತ್ತೆರಡನೇ ದಿನದಿಂದ ಅವಳು ಹಿಡೀತಾಳೆ," ಎಂದು ಮೇಡಂ ಹೊಸ್ತಿಲು ಬಿಟ್ಟು ಕದಲಲಿಲ್ಲ. ಮೂರನೇ ದಿನಕ್ಕೆ ಹನ್ನೊಂದು ಮಂದಿಯೂ ಬೆಂಚಿನ ಮೇಲಿದ್ದರು. ಹನ್ನೆರಡನೆಯವಳಾಗಿ ಇಸ್ತ್ರಿಯವನ ಮಗಳೂ ಬಂದು ಕೂತಳು. ನಿನಗಿಲ್ಲಿ ಏನು ಕೆಲಸ ಎಂದದ್ದಕ್ಕೆ, "ಮೂವತ್ತೊಂಬತ್ತು ಏನು ಮಹಾ ಮೇಡಂ?" ಎಂದಳು. ಅದೂ ನಿಜವೇ.

ಅಲ್ಲಿ ಯಾವ ಚಮತ್ಕಾರವೂ ನಡೆಯಲಿಲ್ಲ. ಯಾರೂ ಗುಡ್ಡ ಹತ್ತಲಿಲ್ಲ, ಪಠ್ಯಪುಸ್ತಕ ಕಿಟಕಿಯಿಂದ ಆಚೆ ಹೋಗಲಿಲ್ಲ. ಒಂದೇ ಲೆಕ್ಕವನ್ನು ಆರು ಸಲ, ಏಳು ಸಲ. ಭಿನ್ನರಾಶಿ ಬಾರದವಳಿಗೆ ಐದನೇ ತರಗತಿಯಿಂದ ಶುರು. ಮೇಡಂ ಕೂಗಾಡಿದರು, ಒಂದು ದಿನ ಸಿಟ್ಟಿನಲ್ಲಿ ಡಸ್ಟರು ಎಸೆದು ಆಮೇಲೆ ತಾವೇ ಎತ್ತಿಕೊಂಡು ಬಂದರು. ನರ್ಸಮ್ಮನ ಮಗಳು ಮೊದಲ ಬೆಂಚಿನಲ್ಲಿ ಕೂತು, ಕೇಳಿದ ಪ್ರಶ್ನೆಗೆಲ್ಲ ಮೆಲುದನಿಯಲ್ಲಿ ಸರಿಯುತ್ತರ ಕೊಡುತ್ತಿದ್ದಳು. ಪೆನ್ನು ಹಿಡಿಸಿ ಗಡಿಯಾರ ಇಟ್ಟರೆ ಮಾತ್ರ ಕೈ ಕಟ್ಟಿಹಾಕಿದಂತಾಗುತ್ತಿತ್ತು.

ಮರುಪರೀಕ್ಷೆಯ ಪೇಪರುಗಳನ್ನು ತಾವು ಮುಟ್ಟುವುದಿಲ್ಲವೆಂದು ಮೇಡಂ ಚಿಕ್ಕ ಮೇಡಂ ಕೈಯಲ್ಲಿ ತಿದ್ದಿಸಿದರು. ಏಳು ಜನ ಗೆರೆ ದಾಟಿದರು. ನಾಲ್ವರು ಉಳಿದರು. ನರ್ಸಮ್ಮನ ಮಗಳಿಗೆ ಮೂವತ್ತಮೂರು.

ಅವಳ ತಾಯಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಶಾಲೆಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ನೀವು ಸುಮ್ನಿದ್ದಿದ್ರೆ ನನ್ನ ಮಗಳು ಹೋಗ್ತಿದ್ಲು. ನಿಮ್ಮ ಸತ್ಯದಿಂದ ಯಾರು ಉದ್ಧಾರ ಆದ್ರು ಹೇಳಿ," ಎಂದಳು. ಕೂಗಲಿಲ್ಲ, ದಣಿದ ದನಿಯಲ್ಲಿ ಕೇಳಿದಳು. ಏಳು ಜನ ಎಂದು ಹೇಳಬಹುದಿತ್ತು. ಆ ತಾಯಿಗೆ ಆ ಏಳು ಯಾರು? ಮೇಡಂ ಎದ್ದು ನಿಂತು, "ನಿಮ್ಮ ಮಗಳನ್ನ ನಾಳೆ ಬೆಳಿಗ್ಗೆ ಏಳಕ್ಕೆ ಕಳ್ಸಿ," ಎಂದಷ್ಟೇ ಹೇಳಿದರು. ಉಳಿದ ಮೂವರು ಶಾಲೆಯ ಕಡೆ ತಲೆ ಹಾಕುವುದನ್ನು ಬಿಟ್ಟರು. ನರ್ಸಮ್ಮನ ಮಗಳು ಮಾತ್ರ ಬಂದಳು. ಅಮ್ಮನೇ ಎಬ್ಬಿಸಿ ಕಳಿಸುತ್ತಿದ್ದಳು.

ಪಬ್ಲಿಕ್ ಪರೀಕ್ಷೆಯಲ್ಲಿ ಗಣಿತದ ದಿನ ಬಂತು. ಮಧ್ಯಾಹ್ನ ಒಂದೂಕಾಲಿಗೆ ಇಸ್ತ್ರಿಯವನ ಮಗಳು ಪರೀಕ್ಷಾ ಕೇಂದ್ರದಿಂದ ನೇರವಾಗಿ ಶಾಲೆಗೆ ಓಡಿಬಂದು ಪ್ರಶ್ನೆಪತ್ರಿಕೆಯನ್ನು ಮೇಡಂ ಕೈಗಿಟ್ಟಳು. ಅವಳಿಗೆ ಮೊದಲೇ ಹೇಳಿಟ್ಟಿದ್ದರು. ಎರಡು ಗಂಟೆಗೆ ನರ್ಸಮ್ಮನ ಮಗಳನ್ನು ಖಾಲಿ ತರಗತಿಯಲ್ಲಿ ಕೂರಿಸಿ, ಮಡಿಕೆ ಬಿಚ್ಚಿ, "ಬರಿ," ಎಂದರು. "ಇದಕ್ಕೆ ಗೆರೆ ಇಲ್ಲ, ಪಟ್ಟಿ ಇಲ್ಲ. ನಮ್ಮಿಬ್ರನ್ನ ಬಿಟ್ಟು ಯಾರಿಗೂ ಗೊತ್ತಾಗಲ್ಲ." ಹುಡುಗಿ ಐದು ಗಂಟೆಯವರೆಗೆ ತಲೆಯೆತ್ತದೆ ಬರೆದಳು. ಮೇಡಂ ಅಲ್ಲೇ ಕೂತು ತಿದ್ದಿದರು. ಎಂದಿನ ಹಾಗೆಯೇ, ಒಂದು ಅರ್ಧವನ್ನೂ ಬಿಟ್ಟುಕೊಡದೆ. ಕೂಡಿದರು, ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿದರು.

ನಲವತ್ತಾರು.

ಹೇಳದೆ ಇರಬಹುದಿತ್ತು. ಇನ್ನೂ ಅಭ್ಯಾಸ ಬೇಕಮ್ಮ ಎಂದು ಹೇಳಿ ಕಳಿಸಬಹುದಿತ್ತು, ಹುಡುಗಿ ನಿದ್ದೆಯಾದರೂ ಮಾಡುತ್ತಿದ್ದಳು. ಮೇಡಂ ಪೇಪರನ್ನು ಅವಳ ಕಡೆ ತಿರುಗಿಸಿ ಇಟ್ಟರು.

"ಹಾಗಾದ್ರೆ ನಾನು ಪಾಸಾಗ್ತಿದ್ದೆ," ಎಂದಳು ಹುಡುಗಿ.

"ಆಗ್ತಿದ್ದೆ."

"ಮೂವತ್ತಮೂರು ಬಂದೋರೂ ಪಾಸಾಗ್ತಾರಾ ಮೇಡಂ?"

ಕೇಳುವಾಗ ಅವಳಿಗೆ ಯಾರನ್ನೂ ಚುಚ್ಚುವ ಉದ್ದೇಶವಿರಲಿಲ್ಲ, ತಿಳಿಯದೆ ಕೇಳಿದಳು. ಬದುಕಿನಲ್ಲಿ ಮೊದಲ ಸಲ ತರಗತಿಯೊಳಗೆ ಮೇಡಂ ಕಣ್ಣಿಂದ ನೀರು ಇಳಿಯಿತು. ಹೆಡ್ ಮಾಸ್ಟರ ಕೋಣೆಯಲ್ಲಿ ಅಷ್ಟೆಲ್ಲ ನ್ಯಾಯ ಮಾತಾಡಿದ್ದರು. ಯಾರು ಗೆರೆಯ ಒಳಗೆ, ಯಾರು ಹೊರಗೆ ಎಂದು ಅರ್ಧ ಮಾರ್ಕಿನ ಲೆಕ್ಕ ಹಾಕಿದ್ದರು. ಆ ಗೆರೆಯನ್ನು ಅಲ್ಲಿ ಎಳೆಯಲು ನಮಗೆ ಯಾವ ಹಕ್ಕಿದೆ ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮರುದಿನ ಅವರು ಗುಮಾಸ್ತನಿಂದ ಹಳೆಯ ಸಾಮಾನಿನ ಕೋಣೆಯ ಕೀಲಿಕೈ ಇಸಿದುಕೊಂಡು, ಮೂಗಿಗೆ ಸೆರಗು ಕಟ್ಟಿ, ಇಪ್ಪತ್ತಾರು ವರ್ಷದ ಅಂಕಪಟ್ಟಿಗಳನ್ನು ಇಳಿಸಿದರು. ಪ್ರತಿ ವರ್ಷದ ಪುಟದಲ್ಲೂ ಕೆಂಪು ಗೆರೆ, ಅದರ ಕೆಳಗೆ ಏಳೋ ಒಂಬತ್ತೋ ಹನ್ನೆರಡೋ ಹೆಸರು. ಗೆರೆಯೂ ತಮ್ಮದೇ ಕೈಯದು. ಮುಂದಿನ ವರ್ಷ ವಾಪಸು ಬಂದವರ ಹೆಸರಿಗೆ ಒಂದು ಟಿಕ್ ಹಾಕುವ ಅಭ್ಯಾಸವಿತ್ತು ಅವರಿಗೆ. ಒಟ್ಟು ಇನ್ನೂರ ಮೂವತ್ತೆಂಟು ಹೆಸರು. ಟಿಕ್ ಇದ್ದದ್ದು ತೊಂಬತ್ತಕ್ಕೆ. ಉಳಿದವರು ಯಾವ ಅಂಗಡಿಗೆ ಹೋದರು, ಯಾರ ಮನೆಯ ನೀರು ಹಿಡಿದರು, ದೇವರೇ ಬಲ್ಲ. ಅವರಲ್ಲಿ ಎಷ್ಟು ಜನ ನಲವತ್ತಾರು ತೆಗೆಯುತ್ತಿದ್ದರೋ ಅದೂ ಅವನಿಗೇ ಗೊತ್ತು.

ರಜೆ ಕಳೆದು ಶಾಲೆ ತೆರೆಯಿತು. ಹೆಡ್ ಮಾಸ್ಟರು ಹಾರ ಹಾಕಿಸಿಕೊಂಡು ಹೋಗಿದ್ದರು. ಸೇವಾ ಪುಸ್ತಕದ ಆ ಒಂದು ಸಾಲಿನಿಂದಾಗಿ ಕುರ್ಚಿಯ ಮೇಲೆ ಈಗ ಕೂತಿದ್ದವರು ವಿಜ್ಞಾನದ ಚಿಕ್ಕ ಮೇಡಂ, ವಯಸ್ಸಿನಲ್ಲಿ ಹದಿನೈದು ವರ್ಷ ಕಿರಿಯರು. ಆ ಕುರ್ಚಿ ತಮಗೇ ಸಿಕ್ಕಿದ್ದರೆ ಒಂದೇ ಸಹಿಯಲ್ಲಿ ಅಳಿಸಬಹುದಾಗಿದ್ದ ಗೆರೆಗಾಗಿ ಈಗ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಹೋದರು. ಚಿಕ್ಕ ಮೇಡಂ ಗಡಬಡಿಸಿ ಎದ್ದು, "ನೀವು ಕೂತ್ಕೊಳ್ಳಿ ಮೇಡಂ," ಎಂದು ತಮ್ಮ ಕುರ್ಚಿಯನ್ನೇ ತೋರಿಸಿದರು.

"ಕುರ್ಚಿ ಬೇಡಮ್ಮ. ಈ ನಿಯಮ ತೆಗೀರಿ," ಎಂದು ಮೇಡಂ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಪೇರಿಸಿ, ಎಲ್ಲದರ ಮೇಲೆ ನಲವತ್ತಾರರ ಪೇಪರನ್ನಿಟ್ಟರು. "ಈ ವರ್ಷದಿಂದ ಎಲ್ಲಾರನ್ನೂ ಕಳಿಸೋಣ."

ಚಿಕ್ಕ ಮೇಡಂ ಪೇಪರು ನೋಡಿದರು, ಪಟ್ಟಿಗಳನ್ನು ತಿರುವಿದರು. "ನೂರಕ್ಕೆ ನೂರು ಹೋಗುತ್ತೆ ಮೇಡಂ. ಬಂದ ಮೊದಲನೇ ವರ್ಷಾನೇ... ಸ್ಕೂಲ್ ಕಮಿಟಿಯವರು ನನ್ನನ್ನ ಸುಮ್ನೆ ಬಿಡ್ತಾರಾ? ಸ್ವಲ್ಪ ದಿನ ಹೋಗ್ಲಿ, ನೋಡೋಣ."

"ನೋಡೋಣ ಅನ್ನಬೇಡಿ. ನಾನು ಇಪ್ಪತ್ತಾರು ವರ್ಷ ನೋಡಿದೀನಿ. ಕಮಿಟಿ ಕೇಳಿದ್ರೆ ಗಣಿತದೋಳು ಹಟ ಹಿಡಿದಳು ಅನ್ನಿ. ಸೇವಾ ಪುಸ್ತಕದಲ್ಲಿ ಇನ್ನೊಂದು ಸಾಲು ಬರೀಲಿ, ಜಾಗ ಬೇಕಾದಷ್ಟಿದೆ."

ಚಿಕ್ಕ ಮೇಡಂ ಆ ದಿನ ಸಹಿ ಹಾಕಲಿಲ್ಲ. ಮೇಡಂ ಮರುದಿನ ಹೋದರು, ಅದರ ಮರುದಿನವೂ ಹೋದರು. ಒಂಬತ್ತನೇ ದಿನ ಸಹಿ ಬಿತ್ತು.

ಮುಂದಿನ ವರ್ಷ ಎಪ್ಪತ್ತೊಂದು ಹುಡುಗಿಯರು ಪಬ್ಲಿಕ್ ಪರೀಕ್ಷೆ ಬರೆದರು. ನರ್ಸಮ್ಮನ ಮಗಳು ಐವತ್ತೆಂಟು ತೆಗೆದಳು. ಒಟ್ಟು ನಾಲ್ವರು ಗಣಿತದಲ್ಲಿ ನಪಾಸಾದರು. ಗೇಟಿನ ಮೇಲೆ ಬ್ಯಾನರು ಏರಲಿಲ್ಲ, ಕಮಿಟಿಯವರು ಮುಖ ಊದಿಸಿಕೊಂಡರು. ಫಲಿತಾಂಶದ ಮರುದಿನ ಬೆಳಿಗ್ಗೆ ಏಳಕ್ಕೆ ಮೇಡಂ ಬೋರ್ಡ್ ಒರೆಸಿ ನಿಂತಿದ್ದರು. ನಪಾಸಾದವರಲ್ಲಿ ಮೂವರು ಬಂದರು. ಏಳೂಕಾಲರವರೆಗೆ ಕಾದು, ಮೂವರಿಗೂ ಒಂದೊಂದು ಲೆಕ್ಕ ಕೊಟ್ಟು, ಮೇಡಂ ಚಪ್ಪಲಿ ಮೆಟ್ಟಿಕೊಂಡು ನಾಲ್ಕನೆಯವಳ ಮನೆಗೆ ಹೊರಟರು.